ಆ ಗಾಡಿಯ ಬಗ್ಗೆ ನಾನಾಡಿದ ಮಾತು

ನಮ್ಮ ಊರಿನಲ್ಲಿ ಕರೆಂಟಿನ ಕಾರು ಕೊಂಡವರು ಅದನ್ನು ಶೋರೂಮಿನಿಂದ ಟಾರ್ಪಾಲು ಹೊದಿಸಿ, ಬೇರೆ ಗಾಡಿಗೆ ಕಟ್ಟಿ ಎಳೆಸಿಕೊಂಡು ಮನೆಗೆ ತರುತ್ತಾರೆ. ಡೀಸೆಲ್ ಗಾಡಿಗೆ, ಪೆಟ್ರೋಲ್ ಗಾಡಿಗೆ ನೀವು ಏನು ಬೇಕಾದರೂ ಅನ್ನಿ, ಅವು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕರೆಂಟಿನವು ಹಾಗಲ್ಲ. ಹೊಸ ಗಾಡಿಯನ್ನು ನೋಡಿ ಯಾರಾದರೂ ಮನಸಾರೆ 'ಇದು ಇಂಥದ್ದರ ಹಾಗಿದೆ' ಅಂದರೆ ಎರಡು ಮೂರು ದಿನದಲ್ಲಿ ಅದು ಹಾಗೇ ಆಗುತ್ತದೆ. ಮೊದಲು ಹತ್ತಿದ ಮಾತೇ ನಿಲ್ಲುವುದು. ಅದನ್ನು ಆಡಿದವರ ಕಣ್ಣಿಗೆ ಗಾಡಿ ಬೇರೆ ಥರ ಕಾಣುವ ತನಕ ಬೇರೆಯವರ ಹೊಗಳಿಕೆ, ತೆಗಳಿಕೆ ಯಾವುದೂ ಅದಕ್ಕೆ ತಾಗುವುದಿಲ್ಲ.

ಬ್ಯಾಂಕ್ ಮ್ಯಾನೇಜರರ ಕಾರಿಗೆ ಮುಂದೆ ಗ್ರಿಲ್ ಇರಲಿಲ್ಲ. ಅವರ ಅತ್ತೆ ಅದನ್ನು ನೋಡಿ, 'ಏನೋ ಹೇಳಬಾರದ್ದು ಹೇಳಿ ಕೈಯಲ್ಲಿ ಬಾಯಿ ಮುಚ್ಚಿಕೊಂಡ ಹಾಗಿದೆಯಲ್ಲ' ಅಂದುಬಿಟ್ಟರು. ಈಗ ಆ ಕಾರಿನ ಮುಂಭಾಗದಲ್ಲಿ ಐದು ಬೆರಳಿನ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಸಿಮೆಂಟ್ ಅಂಗಡಿಯವರು ಮೂಲೆ ಮೂಲೆಯಾಗಿದ್ದ ಹೊಸ ಮಾದರಿಯ ಕರೆಂಟಿನ ಟ್ರಕ್ಕು ತಂದಾಗ ಹಮಾಲಿಯೊಬ್ಬ 'ಮಡಚಿಟ್ಟ ತಗಡು' ಅಂದ. ಅದರ ಬಾಗಿಲು ಅವತ್ತಿನಿಂದ ಅರ್ಧವೇ ತೆರೆಯುತ್ತದೆ, ಡ್ರೈವರು ಅಡ್ಡಡ್ಡ ನುಸುಳಿ ಕೂರುತ್ತಾನೆ.

ಹಾಗಾಗಿ ಹೊಸ ಗಾಡಿಯ ಮುಂದೆ ಅದರ ಮುಖ ನೋಡದೆ ಮಾತಾಡುವುದು ನಮ್ಮಲ್ಲಿ ಸಭ್ಯತೆ. ಆಕಾಶ ನೋಡುತ್ತಾ 'ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತೆ' ಅಂತ ಕೇಳುತ್ತಾರೆ. ಎಲ್ಲದರಲ್ಲೂ ಒಳ್ಳೆಯದನ್ನೇ ಕಾಣುವ ಹಿರಿಯರನ್ನು ಕರೆಸಿ ಮೊದಲ ಮಾತು ಆಡಿಸುವ ಪದ್ಧತಿಯೂ ಬಂದಿದೆ. ಅಂಥವರು ಊರಿಗೆ ಇಬ್ಬರೋ ಮೂವರೋ ಇರುವುದರಿಂದ ಅವರಿಗೆ ಬಿಡುವೇ ಇರುವುದಿಲ್ಲ.

ನನ್ನ ಹೆಸರು ಜವರಪ್ಪ. ಜವರಾಯನ ಹೆಸರಿಟ್ಟುಕೊಂಡವನು ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಾನಲ್ಲ ಎಂಬ ತಮಾಷೆಯನ್ನು ಹತ್ತೊಂಬತ್ತು ವರ್ಷದಿಂದ ಕೇಳಿದ್ದೇನೆ. ಅಷ್ಟೂ ವರ್ಷ ಓಡಿಸಿದ್ದು ಒಂದೇ ಡೀಸೆಲ್ ವ್ಯಾನು. ಎರಡನೇ ಗೇರಿಗೆ ಬೀಳುವಾಗ ಅದು ಕೆಮ್ಮುವ ರೀತಿ ನನ್ನ ಹೆಂಡತಿಯ ಕೆಮ್ಮಿಗಿಂತ ಹೆಚ್ಚು ಪರಿಚಯ ನನಗೆ. ಒಂದು ಸೋಮವಾರ ಬೆಳಿಗ್ಗೆ ಅದನ್ನು ಗುಜರಿಯವರು ಎಳೆದುಕೊಂಡು ಹೋದರು. ಮಧ್ಯಾಹ್ನ ಟಾರ್ಪಾಲು ಹೊದ್ದ ಹೊಸದು ಬಂತು, ಕರೆಂಟಿನದು.

ಮಾರನೆಯ ದಿನ ಸಮಾರಂಭವಿತ್ತು. ಪುರಸಭೆಯ ಅಧ್ಯಕ್ಷೆ ಸರ್ವಮಂಗಳಮ್ಮ ತಮ್ಮ ಅತ್ತೆಯನ್ನೇ ಮೊದಲ ಮಾತಿಗೆ ಗೊತ್ತು ಮಾಡಿದ್ದರು. ಆ ಅಜ್ಜಿ ಚರಂಡಿ ಕಟ್ಟಿಕೊಂಡದ್ದನ್ನು ನೋಡಿಯೂ 'ತಾವರೆ ಬಿಡಬಹುದು' ಅನ್ನುವಂಥವರು. ಅಲ್ಲಿಯವರೆಗೆ ಗಾಡಿಯ ಟಾರ್ಪಾಲು ತೆಗೆಯಬಾರದು ಅಂತ ನನಗೆ ಲಿಖಿತ ಆದೇಶವಿತ್ತು.

ಸೋಮವಾರವೇ ಚಾರ್ಜಿಗೆ ಹಾಕಬೇಕಿತ್ತು, ಸಾಕೆಟ್ಟು ಎಲ್ಲಿದೆ ಅಂತ ಹುಡುಕಲು ಟಾರ್ಪಾಲು ಸ್ವಲ್ಪ ಎತ್ತಿದೆ. ಇದು ನಾನು ಆಮೇಲೆ ನನಗೇ ಹೇಳಿಕೊಂಡ ಕಾರಣ. ನಿಜವಾಗಿ ಪೂರ್ತಿ ಎಳೆದು ಹಾಕಿ ಎದುರಿಗೆ ನಿಂತು ನೋಡಿದೆ. ಬೆಳ್ಳಗೆ, ನುಣ್ಣಗೆ, ಮೂಗೇ ಇಲ್ಲದ ಮುಖ. ಆ ತುದಿಯಿಂದ ಈ ತುದಿಗೆ ಟ್ಯೂಬ್‌ಲೈಟಿನಂಥ ಒಂದೇ ಗೆರೆ ದೀಪ. ಬಾಗಿಲಿನ ಹಿಡಿಕೆಗಳೂ ಒಳಗೆ ಹುದುಗಿಕೊಂಡಿದ್ದವು, ಮುಟ್ಟಿದರೆ ನಾಚಿಕೊಂಡವರ ಹಾಗೆ ಹೊರಗೆ ಬರುತ್ತಿದ್ದವು. ಶೆಡ್ಡಿನ ನೆಲದ ಮೇಲೆ ನನ್ನ ಹಳೇ ವ್ಯಾನು ಸುರಿಸಿದ ಆಯಿಲ್ಲಿನ ಕಲೆ ಇನ್ನೂ ಹಸಿಯಾಗಿತ್ತು. ಸರಿಯಾಗಿ ಅದರ ಮೇಲೆ ಇದು ನಿಂತಿತ್ತು.

"ಥೂ, ಶವಪೆಟ್ಟಿಗೆ ಇದ್ದ ಹಾಗಿದೆ" ಅಂದೆ.

ಜೋರಾಗಿಯೇನೂ ಅನ್ನಲಿಲ್ಲ. ಆದರೆ ಅಷ್ಟು ಮನಸಾರೆ ನಾನು ಬೇರೆ ಯಾವ ಮಾತನ್ನೂ ಆ ವರ್ಷ ಆಡಿರಲಿಕ್ಕಿಲ್ಲ. ಅಂದ ಮೇಲೆ ಹೆದರಿಕೆಯಾಗಿ ಸುತ್ತ ನೋಡಿದೆ. ಯಾರೂ ಇರಲಿಲ್ಲ. ಟಾರ್ಪಾಲು ಹೊದಿಸಿ, ಚಾರ್ಜಿಗೆ ಹಾಕಿ ಮನೆಗೆ ಹೋದೆ.

ಮಂಗಳವಾರ ಅಜ್ಜಿ ಗಾಡಿಯ ಮುಂದೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು, "ಹಂಸ ಕೂತ ಹಾಗಿದೆಯಲ್ಲಮ್ಮ" ಅಂದರು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಹಂಸದ ಕತ್ತು ಎಲ್ಲಿ ಮೂಡಬಹುದು, ಎತ್ತರ ಜಾಸ್ತಿಯಾದರೆ ಆಸ್ಪತ್ರೆಯ ಕಮಾನಿಗೆ ತಾಗೀತೇ ಅಂತ ಪುರಸಭೆಯ ಇಂಜಿನಿಯರು ಟೇಪು ಹಿಡಿದು ಅಳೆದರು.

ಗುರುವಾರದ ಹೊತ್ತಿಗೆ ಗಾಡಿ ಮುಂದಿನ ಚಕ್ರದ ಹತ್ತಿರ ಭುಜದ ಹಾಗೆ ಅಗಲವಾಗಿ, ಹಿಂದಕ್ಕೆ ಹೋಗುತ್ತಾ ಕಿರಿದಾಯಿತು. ಬೆಳ್ಳಗಿದ್ದ ಬಣ್ಣ ಪಾಲಿಶ್ ಮಾಡಿದ ಮರದ ಬಣ್ಣಕ್ಕೆ ತಿರುಗಿತು. ಒಳಗೆ ಹುದುಗಿದ್ದ ಹಿಡಿಕೆಗಳು ಹೊರಗೆ ಬಂದು ಹಿತ್ತಾಳೆಯ ಬಳೆಗಳಾದವು, ಒಂದೊಂದು ಪಕ್ಕಕ್ಕೆ ನಾಲ್ಕು ನಾಲ್ಕು. ಹೆರಿಗೆ ವಾರ್ಡಿನ ಸಿಸ್ಟರ್ ಫಿಲೋಮಿನಾ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು.

"ಜವರಪ್ಪ, ನಮ್ಮಪ್ಪನ್ನ ಮಣ್ಣು ಮಾಡಿದ್ದು ಇಂಥದ್ದರಲ್ಲೇ. ಹಿಡಿಕೆ ಕೂಡ ಇಷ್ಟೇ ಇದ್ವು" ಅಂದರು. "ಯಾರು ಹೇಳಿದ್ದು ಈ ಮಾತು?"

"ಗೊತ್ತಿಲ್ಲ ಸಿಸ್ಟರ್" ಅಂದೆ.

ಊರಿಗೆ ಗೊತ್ತಿತ್ತು. ಅಂದರೆ, ಗೊತ್ತಿದೆ ಅಂದುಕೊಂಡಿತು. ಡ್ರಾಯಿಂಗ್ ಮೇಷ್ಟ್ರು ಪದ್ಮರಾಜಯ್ಯನವರು ಸೋಮವಾರ ಮಧ್ಯಾಹ್ನ ಆಸ್ಪತ್ರೆಯ ಕಾಂಪೌಂಡಿನ ಪಕ್ಕ ನಡೆದು ಹೋದದ್ದನ್ನು ಕಂಡವರಿದ್ದರು. ಮೇಷ್ಟ್ರು ರಿಟೈರಾಗಿ ಹತ್ತು ವರ್ಷವಾಗಿದೆ. ಗಾಡಿಗಳ ಚಂದದ ಬಗ್ಗೆ ಅವರಿಗಿರುವಷ್ಟು ಖಚಿತವಾದ ಅಭಿಪ್ರಾಯ ಬೇರೆಯವರಿಗೆ ದೇವರ ಬಗ್ಗೆಯೂ ಇರಲಿಕ್ಕಿಲ್ಲ. ಎದುರಿಗೆ ಇಂಜಿನ್ನೇ ಇಲ್ಲದ ಮೇಲೆ ಮುಂದೆ ಅಷ್ಟುದ್ದ ಬಾನೆಟ್ ಯಾಕೆ, ಗಾಳಿ ಹೋಗದ ಕಡೆ ಗ್ರಿಲ್ಲಿನ ಚಿತ್ರ ಬರೆಯುವುದು ಸುಳ್ಳಲ್ಲವೇ, ಚಕ್ರಗಳು ಯಾಕೆ ದಿನದಿನಕ್ಕೆ ಊದಿಕೊಳ್ಳುತ್ತಿವೆ ಅಂತ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ತೀರ್ಪು ಕೊಡುತ್ತಿದ್ದರು. ಸರ್ವಮಂಗಳಮ್ಮನವರ ಕಾರು ಇವತ್ತು ಮಗುಚಿ ಬಿದ್ದ ಚಪ್ಪಲಿಯ ಹಾಗಿರುವುದಕ್ಕೂ ಅವರೇ ಕಾರಣ. ಹಾಗಾಗಿ ವಿಚಾರಣೆಯ ಅಗತ್ಯ ಯಾರಿಗೂ ಕಾಣಲಿಲ್ಲ. ಟೀ ಅಂಗಡಿಯಲ್ಲಿ ಅವರು ಕೂತರೆ ಪಕ್ಕದವರು ಎದ್ದು ಹೋಗತೊಡಗಿದರು. ಆದರೂ ಲೋಟ ಕೊಡುವಾಗ ಅಂಗಡಿಯವನು ಮೊದಲಿಗಿಂತ ಸ್ವಲ್ಪ ಬಗ್ಗಿ ಕೊಡುತ್ತಿದ್ದ.

ನಾನು ಸುಮ್ಮನಿದ್ದೆ. ಮೊದಲ ದಿನ ಹೇಳಿಬಿಡುವುದು ಕಷ್ಟ ಅನ್ನಿಸಿತು, ಎರಡನೇ ದಿನ ನಿನ್ನೆಯೇ ಹೇಳಬಹುದಿತ್ತು ಅನ್ನಿಸಿತು. ದಿನಗಳು ಹೀಗೇ ಹೋದವು.

ಕಾಯಿಲೆಯವರು ಆ ಗಾಡಿ ಹತ್ತಲು ಒಪ್ಪಲಿಲ್ಲ. ಜ್ವರದವರು ಗಾಡಿ ಬಾಗಿಲಿಗೆ ಬಂದ ಕೂಡಲೇ ಎದ್ದು ಕೂತು 'ಈಗ ವಾಸಿ' ಅಂದರು. ಬಸುರಿಯೊಬ್ಬಳ ಗಂಡ ಅವಳನ್ನು ಸಿಮೆಂಟಿನವರ ಮಡಚಿದ ಟ್ರಕ್ಕಿನಲ್ಲಿ ಹೇಗೋ ಹತ್ತಿಸಿ ಕರೆದುಕೊಂಡು ಹೋದ. ಇವೆಲ್ಲ ಊರಿನಲ್ಲಿ ನಗೆಯ ಮಾತಾಗಿದ್ದವು, ಟೈಲರ್ ವಿಠೋಬರಾಯರ ತನಕ.

ವಿಠೋಬರಾಯರು ಬಸ್ ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷದಿಂದ ಹೊಲಿಯುತ್ತಿದ್ದವರು. ನನ್ನ ಖಾಕಿ ಅಂಗಿಗಳೆಲ್ಲ ಅವರ ಕೈಯವೇ. ಒಂದು ಬೆಳಿಗ್ಗೆ ಹತ್ತೂವರೆಗೆ ಅವರ ಮನೆಯಿಂದ ಫೋನು ಬಂತು. ಎಂಟು ನಿಮಿಷದಲ್ಲಿ ಹೋಗಿ ತಲುಪಿದೆ. ರಾಯರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಪಕ್ಕದಲ್ಲಿ ಬೇರೆಯವರದ್ದೆಂಬಂತೆ ಬಿದ್ದಿತ್ತು. ಮಾತು ಬರುತ್ತಿರಲಿಲ್ಲ. ನಾನು ಇಳಿದು ಗಾಡಿಯ ಹಿಂಬಾಗಿಲು ತೆಗೆದು, ಎತ್ತಿಕೊಳ್ಳಲು ಅವರ ಹತ್ತಿರ ಹೋದೆ. ರಾಯರು ನೋಡಿದರು. ನೋಡಿದವರೇ ತಲೆ ಅಲ್ಲಾಡಿಸಿದರು, ಎಡಗೈಯಲ್ಲಿ ಬಾಗಿಲವಾಡ ಹಿಡಿದುಕೊಂಡರು. ಅವರ ಹೆಂಡತಿ ರುಕ್ಮಾಬಾಯಿ ಎಷ್ಟು ಬಿಡಿಸಿದರೂ ಬಿಡಲಿಲ್ಲ.

"ಬೇಡ ಅಂತಿದಾರೆ ಜವರಪ್ಪನವರೇ, ಆಟೋ ಕರೀರಿ" ಅಂದರು ರುಕ್ಮಾಬಾಯಿ. ಅವರ ಕಣ್ಣೂ ಹಿತ್ತಾಳೆಯ ಬಳೆಗಳ ಮೇಲಿತ್ತು.

ಆಟೋ ಸಿಗಲು ಸಮಯ ಹಿಡಿಯಿತು. ರೈಲ್ವೆ ಗೇಟು ಹಾಕಿತ್ತು. ಆಟೋದ ಹಿಂದೆ ನಾನು ಖಾಲಿ ಗಾಡಿ ಓಡಿಸಿಕೊಂಡು, ಸೈರನ್ ಹಾಕಲೋ ಬೇಡವೋ ಗೊತ್ತಾಗದೆ ಹೋದೆ. ರಾಯರ ಜೀವ ಉಳಿಯಿತು. ಮುಕ್ಕಾಲು ಗಂಟೆ ಮುಂಚೆ ಬಂದಿದ್ದರೆ ಕೈಯೂ ಉಳಿಯುತ್ತಿತ್ತು ಅಂತ ಡಾಕ್ಟರು ಯಾರಿಗೂ ಹೇಳದೆ ನನಗೆ ಮಾತ್ರ ಹೇಳಿದರು. ಯಾಕೆ ನನಗೆ ಹೇಳಿದರೋ ತಿಳಿಯದು. ಬಹುಶಃ ನಾನು ಅಲ್ಲೇ ನಿಂತಿದ್ದೆ ಅಂತ.

ಅದಾದ ಮೇಲೆ ಪುರಸಭೆ ಎಚ್ಚೆತ್ತುಕೊಂಡಿತು. ಒಂದು ಭಾನುವಾರ ಇಡೀ ಊರು ಆಸ್ಪತ್ರೆಯ ಅಂಗಳದಲ್ಲಿ ಸೇರಿ ಗಾಡಿಯನ್ನು ಹೊಗಳಬೇಕು ಅಂತ ಗೊತ್ತುವಳಿ ಆಯಿತು. ಮೈಕು ಕಟ್ಟಿದರು. ವಕೀಲರು ಅದರ ನಡುವನ್ನು ಹೊಗಳಿದರು. ಹೈಸ್ಕೂಲಿನ ಹೆಡ್‌ಮಾಸ್ಟರು ಗಾಡಿಯ ಮೇಲೆ ಒಂಬತ್ತು ಪದ್ಯ ಬರೆದು ತಂದಿದ್ದರು, ಏಳು ಓದಿದ ಮೇಲೆ ಮೈಕು ಕೆಟ್ಟಿತು. ಸಂಜೆಯ ತನಕ ಹೊಗಳಿದರೂ ಒಂದು ಹಿತ್ತಾಳೆಯ ಬಳೆಯೂ ಅಲುಗಲಿಲ್ಲ. ಮೇಷ್ಟ್ರನ್ನು ಕರೆಸಿ ಮಾತು ವಾಪಸು ತೆಗೆದುಕೊಳ್ಳುವಂತೆ ಕೇಳಬೇಕು ಅಂತ ಸರ್ವಮಂಗಳಮ್ಮ ಹೇಳಿದರು. ಕೇಳಲು ಹೋಗುವವರು ಯಾರು ಅಂದಾಗ ಎಲ್ಲರೂ ನನ್ನ ಕಡೆ ನೋಡಿದರು.

ಮೇಷ್ಟ್ರ ಮನೆಯಲ್ಲಿ ಗೋಡೆ ತುಂಬ ಗಾಡಿಗಳ ಚಿತ್ರ, ಅವರೇ ಪೆನ್ಸಿಲಿನಲ್ಲಿ ಬರೆದವು. ಕೂತುಕೊಂಡ ಕೂಡಲೇ ಹೇಳಿಬಿಟ್ಟೆ.

"ಮೇಷ್ಟ್ರೇ, ತಪ್ಪಾಯ್ತು. ಆ ಮಾತು ಆಡಿದ್ದು ನಾನು. ಊರು ನಿಮ್ಮ ಮೇಲೆ ಹಾಕಿದೆ, ನಾನು ಬಾಯಿ ಮುಚ್ಚಿಕೊಂಡು ಕೂತೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ.

"ನೋಡು ಜವರಪ್ಪ, ನೀನು ಒಳ್ಳೆಯವನು. ನನ್ನ ಕಷ್ಟ ನೋಡಲಾರದೆ ತಪ್ಪು ನಿನ್ನ ಮೇಲೆ ಹಾಕಿಕೊಳ್ಳೋಕೆ ಬಂದಿದೀಯ. ಆದರೆ ಆ ಮಾತು ನಂದೇ."

"ಇಲ್ಲ ಮೇಷ್ಟ್ರೇ, ಸೋಮವಾರ ಮಧ್ಯಾಹ್ನ ಶೆಡ್ಡಿನಲ್ಲಿ…"

"ಸೋಮವಾರ ಮಧ್ಯಾಹ್ನ ಕಾಂಪೌಂಡಿನ ಪಕ್ಕ ಹೋಗ್ತಾ ನಾನು ಟಾರ್ಪಾಲಿನ ಮೇಲಿಂದಾನೇ ಅದರ ಆಕಾರ ಗ್ರಹಿಸಿದೆ. ಮನಸ್ಸಿನಲ್ಲೇ ಅಂದುಕೊಂಡೆ. ನನ್ನ ವಿಷಯದಲ್ಲಿ ಅಷ್ಟು ಸಾಕಾಗಿರಬೇಕು." ಕನ್ನಡಕ ಹಾಕಿಕೊಂಡರು. "ಭುಜದ ಅಗಲ, ಕಾಲಿನ ಕಡೆಯ ಇಳುಕಲು, ನಾಲ್ಕು ನಾಲ್ಕು ಬಳೆ. ಇಷ್ಟು ಅಚ್ಚುಕಟ್ಟಾದ ಹೋಲಿಕೆ ನಿನಗೆ ಹೊಳೆಯೋದು ಅಂದರೆ, ಬೇಜಾರು ಮಾಡ್ಕೋಬೇಡ, ಸಾಧ್ಯವಿಲ್ಲ."

ನಾನು ಬೇಜಾರು ಮಾಡಿಕೊಂಡೆ. ನನ್ನ ತಪ್ಪನ್ನು ಬೇರೆಯವರು ತಮ್ಮ ಬುದ್ಧಿವಂತಿಕೆ ಅಂದುಕೊಳ್ಳುವಾಗ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ವಿಠೋಬರಾಯರ ಕೈಯ ವಿಷಯ ಹೇಳಿದೆ. ಅವರ ಮುಖ ಆಗ ಸಣ್ಣಗಾಯಿತು.

"ಅದಕ್ಕೇ ನಾಳೆಯಿಂದ ಬರ್ತೀನಿ" ಅಂದರು. "ನಾನು ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ."

ಐದು ದಿನ ಬಂದರು. ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿಗೆ ಬಂದು ಸ್ಟೂಲು ಹಾಕಿಕೊಂಡು ಗಾಡಿಯನ್ನು ಸುತ್ತ ಎಲ್ಲ ಕಡೆಯಿಂದ ಬರೆದರು. ಬರೀ ಬಾಯಿಮಾತಿಗೆ ಹೊಗಳುವವರಲ್ಲ ಅವರು. ನಿಜವಾಗಿಯೂ ಅದರಲ್ಲಿ ಚಂದ ಹುಡುಕಿದರು, ಕಂಡುಕೊಂಡರು ಕೂಡ. ಅದರ ಬಾಗು ಕಲ್ಲಿನ ಬಸದಿಯ ಮೆಟ್ಟಿಲಿನಂತೆ ಸವೆದು ನಯವಾಗಿದೆ ಅಂತ ಒಂದು ದಿನ ಎಷ್ಟು ಮೆಲ್ಲಗೆ, ಎಷ್ಟು ಮನಸ್ಸಿಟ್ಟು ಹೇಳಿದರೆಂದರೆ ಕೇಳಿ ನಾನೂ ಎದ್ದು ಹೋಗಿ ಆ ಬಾಗನ್ನು ಕೈಯಿಂದ ಸವರಿ ನೋಡಿದೆ. ದಿನಾ ಸಂಜೆ ದಾರ ಹಿಡಿದು ಅಳತೆ ತೆಗೆಯುತ್ತಿದ್ದರು. ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಐದನೆಯ ದಿನ ದಾರ ಸುತ್ತಿ ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು.

"ಇದು ನನ್ನ ಮಾತು ಕೇಳ್ತಿಲ್ಲ ಜವರಪ್ಪ. ಹಾಗಾದರೆ ನೀನೇ ಅಂದದ್ದು."

"ಹೌದು ಮೇಷ್ಟ್ರೇ."

ಅವರು ಎದ್ದು ಒಂದು ಬಳೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. ಆಮೇಲೆ, "ಒಳ್ಳೆ ಹೋಲಿಕೆ" ಅಂದರು. ಬಾಗಿಲ ತನಕ ಹೋದವರು ತಿರುಗಿ ನಿಂತರು. "ಊರಿಗೆ ಹೇಳಬೇಡ. ಬೆಂಚಿನಿಂದ ಎದ್ದು ಹೋಗ್ತಾರೆ, ನಿಜ. ಆದರೆ ಅಷ್ಟು ದೂರ ನಿಂತು ನನ್ನ ಮಾತು ಕೇಳಿಸ್ಕೋತಾರೆ. ಮೊದಲು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು."

ಈಗ ಕೆಲಸ ನನ್ನದಾಯಿತು. ದಿನಾ ಗಾಡಿಯ ಎದುರು ನಿಂತು ಬೇರೆ ಏನಾದರೂ ಕಾಣುತ್ತದೆಯೇ ಅಂತ ನೋಡಿದೆ. ಶವಪೆಟ್ಟಿಗೆಯೇ ಕಂಡಿತು, ಇದ್ದದ್ದೂ ಅದೇ. ಅದರ ಪಕ್ಕದಲ್ಲಿ ನಿಂತರೆ ನನ್ನ ಹಳೇ ವ್ಯಾನು ನೆನಪಾಗುತ್ತಿತ್ತು. ಈಗೀಗ ಅದರ ಜೊತೆ ರಾಯರ ಕೈಯೂ ನೆನಪಾಗುತ್ತಿತ್ತು.

ಆ ವಾರವೇ ಸಂತೆಯಲ್ಲಿ ಸೊಪ್ಪು ಮಾರುವ ದೇವೀರಮ್ಮ ಮೆಟ್ಟಿಲು ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎಪ್ಪತ್ತು ದಾಟಿದ ಮುದುಕಿ. ನಾನು ಹೋಗುವ ಹೊತ್ತಿಗೆ ಸುತ್ತ ನಿಂತವರು ಅವಳಿಗೆ ಬುದ್ಧಿ ಹೇಳುತ್ತಿದ್ದರು. ಆಟೋ ತರಿಸ್ತೀವಿ, ಇದರಲ್ಲಿ ಮಾತ್ರ ಬೇಡ ಅಂತ.

"ಆಟೋದಲ್ಲಿ ನಾನು ಕೂರಬೇಕಲ್ಲ, ಸೊಂಟ ಯಾರದ್ದು" ಅಂದಳು ದೇವೀರಮ್ಮ. "ಏನಪ್ಪಾ, ಇದರಲ್ಲಿ ಉದ್ದಕ್ಕೆ ಮಲಗಬೋದಾ?"

"ಮಲಗಬೋದು ಅವ್ವ."

"ಮತ್ತೆ ಎತ್ತಿ ಒಳಗೆ ಹಾಕು. ಒಳಗೆ ಹೋದವಳಿಗೆ ಹೊರಗಡೆ ಹೆಂಗಿದ್ರೇನು."

ಸಂತೆಯಿಂದ ಆಸ್ಪತ್ರೆಗೆ ಹೋಗುವ ರಸ್ತೆ ನನಗೆ ಬಾಯಿಪಾಠ. ಹಳೇ ವ್ಯಾನಿನಲ್ಲಿ ಯಾವ ಗುಂಡಿಯಲ್ಲಿ ಹಿಂದಿನವರು 'ಅಯ್ಯೋ' ಅನ್ನುತ್ತಾರೆ, ಯಾವ ತಿರುವಿನಲ್ಲಿ ನನಗೆ ಬಯ್ಯುತ್ತಾರೆ ಎಲ್ಲ ಗೊತ್ತು. ಹತ್ತೊಂಬತ್ತು ವರ್ಷ ಆ ಕೂಗು ಕೇಳಿಕೊಂಡೇ ರೋಗಿಯ ಜೀವ ಇದೆ ಅಂತ ತಿಳಿದುಕೊಳ್ಳುತ್ತಿದ್ದೆ. ಅವತ್ತು ಮೊದಲನೇ ಗುಂಡಿ ಹೋಯಿತು, ಸದ್ದಿಲ್ಲ. ಅಕ್ಕಿ ಗಿರಣಿಯ ಮುಂದಿನ ದೊಡ್ಡ ಗುಂಡಿಯೂ ಹೋಯಿತು, ಸದ್ದಿಲ್ಲ. ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿ, ಇಳಿದು ಓಡಿ ಹಿಂಬಾಗಿಲು ತೆಗೆದೆ. ದೇವೀರಮ್ಮನ ಕಣ್ಣು ಮುಚ್ಚಿತ್ತು. ಬಾಯಿ ತೆರೆದಿತ್ತು.

"ಅವ್ವ" ಅಂದೆ. ಕೆನ್ನೆ ತಟ್ಟಿದೆ.

ಅವಳು ಕಣ್ಣು ಬಿಟ್ಟು ನನ್ನನ್ನು ಬಯ್ದಳು. ನಾಲ್ಕು ಗಂಟೆಗೆ ಎದ್ದು ಸೊಪ್ಪು ಕಟ್ಟಿದವಳು, ಇಷ್ಟು ದಿನಕ್ಕೆ ಒಂದು ಗಳಿಗೆ ನಿದ್ದೆ ಹತ್ತಿತ್ತು, ಅದನ್ನೂ ಕೆಡಿಸಿದೆಯಲ್ಲ ಅಂತ. ಆಸ್ಪತ್ರೆ ಬಂತಾ ಅಂದಳು. ಇಲ್ಲ ಅಂದೆ. "ಮತ್ತೆ ಯಾಕೆ ನಿಲ್ಲಿಸಿದೆ?"

ಹಿಂಬಾಗಿಲು ಹಾಕಿದೆ. ಉಳಿದ ದಾರಿ ಅವಳ ಗೊರಕೆ ಕೇಳಿಕೊಂಡು ಓಡಿಸಿದೆ. ಸೊಂಟ ಮುರಿದವಳು ನನ್ನ ಗಾಡಿಯಲ್ಲಿ ಗೊರಕೆ ಹೊಡೆದದ್ದು ಅದೇ ಮೊದಲು.

ಅವಳನ್ನು ಒಳಗೆ ಬಿಟ್ಟು ಬಂದಾಗ ಗೇಟಿನ ವಾಚ್‌ಮನ್ ಕೇಳಿದ, "ಏನಣ್ಣ, ಇನ್ನೂ ಹಂಗೇ ಕಾಣುತ್ತಾ ನಿನ್ನ ಪೆಟ್ಟಿಗೆ?"

ತಿರುಗಿ ನೋಡಿದೆ. "ಆಂಬುಲೆನ್ಸು ಇದ್ದ ಹಾಗಿದೆ, ಮತ್ತೇನು" ಅಂದೆ. ಉತ್ತರ ಕೊಡಬೇಕಲ್ಲ ಅಂತ ಕೊಟ್ಟದ್ದು. ಅಂದ ಮೇಲೆ ನನಗೆ ಹಾಗೇ ಕಂಡಿತ್ತು ಅನ್ನುವುದು ಗೊತ್ತಾಯಿತು.

ಮೂರು ದಿನದಲ್ಲಿ ಭುಜ ಇಳಿಯಿತು, ಬಣ್ಣ ಬೆಳ್ಳಗಾಯಿತು, ಬಳೆಗಳು ಒಳಗೆ ಹೋದವು. ಈಗದು ಎಂಥ ಆಂಬುಲೆನ್ಸು ಅಂದರೆ ಎದುರಿಗೆ ಬಂದರೂ ಜನ ದಾರಿ ಬಿಟ್ಟು ಮಾತು ಮುಂದುವರಿಸುತ್ತಾರೆ, ಯಾರಿಗೂ ಅದರ ಬಗ್ಗೆ ಅಭಿಪ್ರಾಯವಿಲ್ಲ. ಮೇಷ್ಟ್ರ ಹೊಗಳಿಕೆಯಿಂದಲೇ ಸರಿಹೋಯಿತು ಅಂತ ಊರು ತೀರ್ಮಾನಿಸಿ ಅವರಿಗೆ ಶಾಲು ಹೊದಿಸಿತು. ಮೇಷ್ಟ್ರು ಶಾಲು ಹೊದಿಸಿಕೊಳ್ಳುವಾಗ ನನ್ನ ಕಡೆ ನೋಡಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

ಹೇಳಬೇಡ ಅಂತ ಮೇಷ್ಟ್ರು ಅಂದದ್ದು ಊರಿಗೆ ಮಾತ್ರ. ವಿಠೋಬರಾಯರಿಗೆ ಹೇಳದೆ ಇರುವುದು ಆಗಲಿಲ್ಲ. ಅವರಿಗೆ ಬುಧವಾರ ಬುಧವಾರ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸಬೇಕಿತ್ತು, ಕರೆತರಲು ಸಿಸ್ಟರ್ ಫಿಲೋಮಿನಾ ನನ್ನನ್ನು ಕಳಿಸಿದರು. ರಾಯರು ಅದೇ ಜಗಲಿಯ ಮೇಲೆ ಕೂತಿದ್ದರು. ಮಡಿಲಲ್ಲಿ ಒಂದು ತುಂಡು ಬಟ್ಟೆ, ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಕಲಿಯುತ್ತಿದ್ದರು. ಹೊಲಿಗೆ ಸೊಟ್ಟ ಸೊಟ್ಟ ಬಿದ್ದಿತ್ತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ರಾಯರೇ, ಗಾಡಿಗೆ ಆ ಮಾತು ಅಂದಿದ್ದು ಮೇಷ್ಟ್ರಲ್ಲ. ನಾನು. ನನ್ನಿಂದ ನಿಮ್ಮ ಕೈ ಹೋಯ್ತು."

ರುಕ್ಮಾಬಾಯಿ ಒಳಗಿನಿಂದ ಬರುತ್ತಿದ್ದವರು ಬಾಗಿಲಲ್ಲೇ ನಿಂತರು. ರಾಯರಿಗೆ ಮಾತು ಈಗ ಬರುತ್ತಿತ್ತು, ಆದರೆ ಒಂದೊಂದು ಪದವನ್ನೂ ಎತ್ತಿ ಇಡಬೇಕಿತ್ತು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು.

"ಗಾಡಿ… ನಾನು ನೋಡ್ಲೇ ಇಲ್ಲ" ಅಂದರು. "ಕಣ್ಣು ಮಂಜಾಗಿತ್ತು. ದೂರದ್ದು ಏನೂ ಕಾಣ್ತಿರಲಿಲ್ಲ. ನೀನು ಹತ್ತಿರ ಬಂದೆ. ನಿನ್ನ ಮುಖ ಕಾಣ್ತು. ಹೆಣ ಎತ್ತೋಕೆ ಬಂದವನ ಥರ." ಉಸಿರು ತೆಗೆದುಕೊಂಡರು. "ಅದನ್ನ ನೋಡಿ… ಹತ್ತಲಿಲ್ಲ."

ಇಷ್ಟು ದಿನ ಆ ಗಾಡಿಯ ಎದುರು ನಿಂತು ಅದು ಹೇಗೆ ಕಾಣುತ್ತದೆ ಅಂತ ಯೋಚಿಸಿದ್ದೆ. ಅದರ ಪಕ್ಕದಲ್ಲಿ ನಾನು ಹೇಗೆ ಕಾಣುತ್ತೇನೆ ಅಂತ ಒಂದು ಸಲವೂ ಹೊಳೆದಿರಲಿಲ್ಲ. ತಲೆ ತಗ್ಗಿಸಿ ಕೂತೆ. ರುಕ್ಮಾಬಾಯಿ ಏನೂ ಅನ್ನದೆ ಬಂದು ರಾಯರ ಚಪ್ಪಲಿಗಳನ್ನು ಅವರ ಕಾಲಿನ ಹತ್ತಿರ ಜೋಡಿಸಿಟ್ಟರು.

"ಹೊತ್ತಾಯ್ತು, ಬರ್ತೀರಾ ರಾಯರೇ" ಅಂತ ಕೇಳಿದೆ. ಕೇಳುವಾಗ ಮುಖ ಎತ್ತಲೇಬೇಕಾಯಿತು.

ಅವರು ನನ್ನ ಮುಖವನ್ನು, ಕತ್ತರಿ ಹಾಕುವ ಮುಂಚೆ ಬಟ್ಟೆ ನೋಡುವ ಹಾಗೆ, ನಿಧಾನವಾಗಿ ನೋಡಿದರು. ಆಮೇಲೆ ಎಡಗೈ ಎತ್ತಿ ನನ್ನ ಭುಜದ ಮೇಲೆ ಭಾರ ಹಾಕಿ ಎದ್ದು ನಿಂತರು.

"ನಡಿ" ಅಂದರು.